ಜರ್ಮನ್ ಯುದ್ಧಕಾಲದ ಹೆಲ್ಮೆಟ್‌ನ ಮೂಲ ಹುಡುಕುವುದು ಹೇಗೆ?

ಮಹಾಯುದ್ಧದ ಜರ್ಮನ್ ಹೆಲ್ಮೆಟ್ ಕೈಗೆ ಬಂದವರೆಲ್ಲ ಮೊದಲು ಕೇಳುವುದು ‘ಇದನ್ನು ಧರಿಸಿದವನು ಯಾರು?’ ಎಂದು. ಅದಕ್ಕೆ ಕೊನೆಯಲ್ಲಿ ಉತ್ತರ ಸಿಕ್ಕೀತು, ಸಿಗದೆಯೂ ಹೋದೀತು. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಇದು ಜರ್ಮನ್ ಸೇನೆಯದು ಹೌದೇ? ಯಾವ ಕಾರ್ಖಾನೆಯಲ್ಲಿ, ಯಾವ ಕಾಲದಲ್ಲಿ ತಯಾರಾಯಿತು? ಉಕ್ಕು, ಬಣ್ಣ, ಒಳಗಿನ ಚರ್ಮ, ಗದ್ದದ ಪಟ್ಟಿ ಎಲ್ಲವೂ ಒಂದೇ ಕಾಲದವೇ? ಅಲ್ಲಿಂದ ಯಾರ ಯಾರ ಕೈ ದಾಟಿ ನಿಮ್ಮಲ್ಲಿಗೆ ಬಂತು? ಈ ಕ್ರಮ ಬಿಟ್ಟು ನೇರವಾಗಿ ಹೆಸರಿನ ಬೆನ್ನು ಹತ್ತಿದವರು ಯಾರದೋ ಕಥೆಯನ್ನು ಈ ಹೆಲ್ಮೆಟ್‌ಗೆ ಕಟ್ಟಿಬಿಡುತ್ತಾರೆ. ಈ ವಸ್ತುವಿನ ಹಿಂದೆ ಸತ್ತವರಿದ್ದಾರೆ, ಕೊಂದವರಿದ್ದಾರೆ. ಅಂದಾಜಿನ ಮೇಲೆ ಒಬ್ಬನ ಹೆಸರು ಅಂಟಿಸುವುದು ಯಾರಿಗೂ ಮಾಡುವ ನ್ಯಾಯವಲ್ಲ.

ಮೊದಲು ತೊಳೆಯಬೇಡಿ, ಬಿಚ್ಚಬೇಡಿ

ತುಕ್ಕು ಕಂಡ ಕೂಡಲೇ ಎಣ್ಣೆ ಹಚ್ಚುವುದು, ಉಕ್ಕಿನ ನಾರಿನಿಂದ ಉಜ್ಜುವುದು ನಮ್ಮಲ್ಲಿ ಸಹಜ. ದಯವಿಟ್ಟು ಹಾಗೆ ಮಾಡಬೇಡಿ. ಬಣ್ಣದ ಪದರಗಳು, ಪೆನ್ಸಿಲ್‌ನಲ್ಲಿ ಬರೆದ ಹೆಸರು, ಮಾಸಿದ ಶಾಯಿಯ ಮುದ್ರೆ, ಇವೇ ನಿಮಗಿರುವ ಸಾಕ್ಷ್ಯ. ಉಜ್ಜಿದರೆ ಮೊದಲು ಹೋಗುವುದೂ ಇವೇ. ಒಳಗಿನ ಚರ್ಮದ ಹಿಂದೆ ಕಾಗದದ ಮಡಿಕೆ ಕಂಡರೆ ಎಳೆಯಬೇಡಿ. ತಲೆಗೆ ಸರಿಯಾಗಿ ಕೂರಲೆಂದು ಸೈನಿಕರು ಅಲ್ಲಿ ಪತ್ರಿಕೆಯ ತುಂಡುಗಳನ್ನು ಸೇರಿಸಿಕೊಳ್ಳುತ್ತಿದ್ದರು. ಅದರಲ್ಲಿ ದಿನಾಂಕ ಇರಬಹುದು.

ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ನಾಲ್ಕೂ ಬದಿ, ನೆತ್ತಿ ಮತ್ತು ಒಳಭಾಗದ ಫೋಟೋ ತೆಗೆಯಿರಿ. ನಂತರ ಕೊಠಡಿಯ ದೀಪ ಆರಿಸಿ, ಟಾರ್ಚ್ ಬೆಳಕನ್ನು ಮೇಲ್ಮೈಗೆ ಸವರುವಂತೆ ಓರೆಯಾಗಿ ಬಿಟ್ಟು ಮತ್ತೊಂದು ಸುತ್ತು ತೆಗೆಯಿರಿ. ನೇರ ಬೆಳಕಿನಲ್ಲಿ ಕಾಣದ ಗುರುತುಗಳು ಆ ಓರೆ ಬೆಳಕಿನಲ್ಲಿ ನೆರಳು ಬೀಳಿಸಿ ಎದ್ದು ಕಾಣುತ್ತವೆ. ಮೇಲೆ ಬಣ್ಣ ಬಳಿದು ಮುಚ್ಚಿದ ಲಾಂಛನದ ಅಂಚು ಎಷ್ಟೋ ಸಲ ಗೊತ್ತಾಗುವುದು ಹೀಗೆಯೇ.

ಇದೇ ಹೊತ್ತಿನಲ್ಲಿ ಕೊಟ್ಟವರನ್ನು ಮಾತನಾಡಿಸಿ. ಮನೆಯ ಅಟ್ಟದಿಂದ ಇಳಿದ ವಸ್ತುವಾದರೆ ಮನೆಯ ಹಿರಿಯರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ದಿನಾಂಕ ಬರೆದಿಡಿ. ಅಂಗಡಿಯಿಂದ ಕೊಂಡದ್ದಾದರೆ ರಸೀದಿ ಪಡೆದು, ಅವರು ಎಲ್ಲಿಂದ ತಂದರೆಂದು ಕೇಳಿ, ಅವರ ಮಾತನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಹೆಲ್ಮೆಟ್ ಇನ್ನೂ ಹತ್ತು ವರ್ಷ ಕಾದೀತು. ತೊಂಬತ್ತು ದಾಟಿದ ಅಜ್ಜಿ ಕಾಯಲಾರರು.

ಯಾವ ಮಾದರಿ?

ಜರ್ಮನರ ಉಕ್ಕಿನ ಹೆಲ್ಮೆಟ್ ಬಳಕೆಗೆ ಬಂದದ್ದು 1916ರಲ್ಲಿ, ವೆರ್ಡನ್ ಕದನದ ಹೊತ್ತಿಗೆ. ಹ್ಯಾನೋವರ್‌ನ ತಾಂತ್ರಿಕ ವಿದ್ಯಾಲಯದ ಫ್ರೀಡ್ರಿಶ್ ಶ್ವೆರ್ಡ್ ಅದರ ವಿನ್ಯಾಸಕಾರ. ಹಾರ್ಟ್ಸ್ ಬೆಟ್ಟಗಳ ಅಂಚಿನ ಟಾಲೆ ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ತಯಾರಿ ಶುರುವಾಯಿತು. ಈ ಮೊದಲ ಮಾದರಿಯ ಎರಡು ಬದಿಗಳಲ್ಲೂ ಕೊಂಬಿನಂತೆ ಚಾಚಿದ ದಪ್ಪ ಗಾಳಿರಂಧ್ರಗಳಿವೆ. ಹಣೆಗೆ ಹೆಚ್ಚುವರಿ ಉಕ್ಕಿನ ತಗಡು ಸಿಕ್ಕಿಸಲೆಂದು ಅವನ್ನು ಹಾಗೆ ಮಾಡಿದ್ದರು. ಗದ್ದದ ಪಟ್ಟಿಯನ್ನು ಹಿಡಿಯುವ ರಿವೆಟ್‌ಗಳು 1916ರ ಮಾದರಿಯ ಕವಚದ ಬದಿಯಲ್ಲೇ ಕಾಣುತ್ತವೆ. 1918ರ ಮಾದರಿಯಲ್ಲಿ ಪಟ್ಟಿ ಒಳಗಿನ ಲೈನರ್‌ಗೆ, ಅಂದರೆ ತಲೆಗೆ ಕೂರುವ ಚರ್ಮದ ಅಸ್ತರಿಗೆ, ಹೋಯಿತು, ಬದಿಯ ರಿವೆಟ್ ಮಾಯವಾಯಿತು.

ಎರಡನೇ ಮಹಾಯುದ್ಧದವು ಮುಖ್ಯವಾಗಿ ಮೂರು. 1935ರ ಮಾದರಿ ಗಾತ್ರದಲ್ಲಿ ಚಿಕ್ಕದಾಯಿತು. ಅದರ ಅಂಚನ್ನು ಒಳಕ್ಕೆ ಸುರುಳಿ ಸುತ್ತಿದ್ದಾರೆ, ಗಾಳಿರಂಧ್ರದ ಉಂಗುರವನ್ನು ಪ್ರತ್ಯೇಕವಾಗಿ ಮಾಡಿ ಕೂರಿಸಿದ್ದಾರೆ. 1940ರ ಮಾದರಿಯಲ್ಲೂ ಅಂಚು ಸುರುಳಿಯೇ, ಆದರೆ ಗಾಳಿರಂಧ್ರ ಕವಚದ ಉಕ್ಕಿನಲ್ಲೇ ಒತ್ತಿದ್ದು. 1942ರ ಮಾದರಿಯಲ್ಲಿ ಸಮಯ ಉಳಿಸಲು ಅಂಚನ್ನು ಸುತ್ತುವುದನ್ನೇ ಕೈಬಿಟ್ಟರು. ಅಲ್ಲಿ ಅಂಚು ಹೊರಕ್ಕೆ ತೆರೆದುಕೊಂಡು ಹರಿತವಾಗಿದೆ. ಅಂಚಿನ ಮೇಲೆ ಬೆರಳಾಡಿಸಿ, ಗಾಳಿರಂಧ್ರವನ್ನು ನೋಡಿದರೆ ಮಾದರಿ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಆದರೆ ಮಾದರಿಯ ವರ್ಷವೇ ತಯಾರಾದ ವರ್ಷ ಎಂದು ಬರೆದುಕೊಳ್ಳಬೇಡಿ. ಮಾದರಿ ಯಾವಾಗ ಶುರುವಾಯಿತು ಎಂಬುದನ್ನಷ್ಟೇ ಆ ಸಂಖ್ಯೆ ಹೇಳುತ್ತದೆ.

ನೋಡಲು ಜರ್ಮನ್, ಆದರೆ ಜರ್ಮನಿಯದಲ್ಲ ಎನ್ನುವವೂ ಬಹಳ ಇವೆ. ಸ್ಪೇನಿನ 1942ರ ಮಾದರಿಯ ಹಲವು ಹೆಲ್ಮೆಟ್‌ಗಳಲ್ಲಿ ಹಣೆಯ ಮೇಲೆ ಬಿಲ್ಲೆ ಸಿಕ್ಕಿಸುವ ಪುಟ್ಟ ಕೊಂಡಿ ಇರುತ್ತದೆ. ಹಂಗೇರಿಯ 1938ರ ಮಾದರಿಗೆ ಹಿಂಬದಿಯಲ್ಲಿ ಒಂದು ಕೊಂಡಿ. ಚೀನಾದ ರಾಷ್ಟ್ರೀಯ ಸರ್ಕಾರ ಜರ್ಮನಿಯಿಂದಲೇ 1935ರ ಮಾದರಿಯನ್ನು ಕೊಂಡು ಅದರ ಮೇಲೆ ತನ್ನ ಬಿಳಿ ಸೂರ್ಯನ ಲಾಂಛನ ಹಾಕಿಸಿತು. ಯುದ್ಧ ಮುಗಿದ ಮೇಲೆ ನಾರ್ವೆಯಂಥ ದೇಶಗಳು ವಶಪಡಿಸಿಕೊಂಡ ಜರ್ಮನ್ ಹೆಲ್ಮೆಟ್‌ಗಳಿಗೆ ಹೊಸ ಬಣ್ಣ ಬಳಿದು ಬಳಸಿದವು. ಇನ್ನು ಸಿನಿಮಾ, ಯುದ್ಧದ ಮರುನಟನೆಗಳಿಗಾಗಿ ಮಾಡುವ ನಕಲುಗಳು ಭಾರತದಲ್ಲೂ ತಯಾರಾಗಿ ಹೊರದೇಶಗಳಿಗೆ ಹೋಗುತ್ತವೆ. ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ ಹೆಲ್ಮೆಟ್ ಎಂದರೆ ಮೊದಲ ಸಂಶಯ ಅಲ್ಲಿಗೇ ಹೋಗಬೇಕು.

ಉಕ್ಕಿನ ಮೇಲಿನ ಅಚ್ಚು

ಈಗ ಭೂತಗನ್ನಡಿ ಹಿಡಿದುಕೊಳ್ಳಿ. ಹೆಲ್ಮೆಟ್ ಮಗುಚಿ, ಎಡ ಕಿವಿಯ ಬದಿಯ ಒಳಗೋಡೆಯನ್ನು ನೋಡಿ. ಅಲ್ಲಿ ಒಂದೆರಡು ಅಕ್ಷರ ಮತ್ತು ಎರಡಂಕಿಯ ಸಂಖ್ಯೆಯನ್ನು ಉಕ್ಕಿಗೆ ಒತ್ತಿರುತ್ತಾರೆ. ಅಕ್ಷರ ಕಾರ್ಖಾನೆಯದು: ‘ಇಟಿ’ ಎಂದರೆ ಟಾಲೆ, ‘ಕ್ಯೂ’ ಎಂದರೆ ಎಸ್ಲಿಂಗನ್‌ನ ಕ್ವಿಸ್ಟ್, ‘ಎನ್ಎಸ್’ ಎಂದರೆ ಶ್ವೆರ್ಟೆಯ ನಿಕ್ಕಲ್ ಕಾರ್ಖಾನೆ, ‘ಎಸ್ಇ’ ಎಂದರೆ ಸ್ಯಾಕ್ಸನಿಯ ಲೌಟರ್, ‘ಇಎಫ್’ ಎಂದರೆ ಫುಲ್ಡಾ. ಯುದ್ಧ ಮುಂದುವರಿದಂತೆ ಗೋಪ್ಯತೆಗಾಗಿ ಕೆಲವು ಗುರುತು ಬದಲಾದವು: ಟಾಲೆಯದು ‘ಸಿಕೆಎಲ್’ ಆಯಿತು, ಲೌಟರ್‌ನದು ‘ಎಚ್‌ಕೆಪಿ’ ಆಯಿತು. ಹಾಗಾಗಿ ‘ಸಿಕೆಎಲ್’ ಎಂಬ ಗುರುತೇ ಯುದ್ಧದ ಉತ್ತರಾರ್ಧವನ್ನು ಸೂಚಿಸುತ್ತದೆ.

ಅಕ್ಷರದ ಪಕ್ಕದ 60, 62, 64, 66, 68 ಅಥವಾ 70 ಕವಚದ ಅಳತೆ. ಹಿಂಬದಿಯ ಒಳಗೋಡೆಯಲ್ಲಿ ಇನ್ನೊಂದು ಉದ್ದದ ಸಂಖ್ಯೆ ಇರುತ್ತದೆ. ಎಲ್ಲರೂ ಎಡವುವುದು ಇಲ್ಲಿ. ಅದು ಸೈನಿಕನ ಸಂಖ್ಯೆಯಲ್ಲ, ಒಟ್ಟಿಗೆ ತಯಾರಾದ ಒಂದು ಕಂತಿನ (ಬ್ಯಾಚ್) ಸಂಖ್ಯೆ. ಅದನ್ನು ಹಿಡಿದು ಜರ್ಮನಿಯ ದಾಖಲೆ ಕಚೇರಿಗೆ ಪತ್ರ ಬರೆದರೆ ಏನೂ ಸಿಗುವುದಿಲ್ಲ. ಅದೇ ಕಾರ್ಖಾನೆಯ ಬೇರೆ ಹೆಲ್ಮೆಟ್‌ಗಳ ಸಂಖ್ಯೆಗಳ ಜತೆ ಹೋಲಿಸಿದರೆ ತಯಾರಿಕೆಯ ಕಾಲವನ್ನು ಅಂದಾಜು ಮಾಡಬಹುದು, ಅಷ್ಟೇ.

ಲೈನರ್‌ನಲ್ಲಿ ಇನ್ನೂ ಹೆಚ್ಚು ಮಾಹಿತಿ ಇದೆ. ಲೋಹದ ಬಳೆ, ಅದಕ್ಕೆ ಜೋಡಿಸಿದ ಎಂಟು ನಾಲಗೆಗಳ ಚರ್ಮ, ನಾಲಗೆಗಳನ್ನು ಕಟ್ಟುವ ದಾರ: ಇದು 1931ರ ಮಾದರಿಯ ಲೈನರ್, ಎರಡನೇ ಯುದ್ಧದ ಉದ್ದಕ್ಕೂ ಬಳಕೆಯಾದದ್ದು. ಬಳೆ ಮೊದಲು ಅಲ್ಯೂಮಿನಿಯಮ್‌ನದಾಗಿತ್ತು, ನಂತರ ಸತು ಲೇಪಿಸಿದ ಉಕ್ಕಿನದಾಯಿತು. ಬಳೆಯ ಮೇಲೆ ತಯಾರಕರ ಹೆಸರು, ಅಳತೆ, ಎಷ್ಟೋ ಸಲ ವರ್ಷವೂ ಇರುತ್ತದೆ. ಬ್ರೌನ್‌ಶ್ವೈಗ್‌ನ ಶೂಬೆರ್ತ್ ಕಾರ್ಖಾನೆಯ ಹೆಸರು ಹಾಗೆ ಆಗಾಗ ಕಾಣುವಂಥದ್ದು.

ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ಕವಚದ ಅಳತೆಯಿಂದ 8 ಅಥವಾ 7 ಕಳೆದರೆ ಲೈನರ್‌ನ ಅಳತೆ ಬರಬೇಕು. 64ರ ಕವಚಕ್ಕೆ 56 ಅಥವಾ 57, 66ಕ್ಕೆ 58 ಅಥವಾ 59. ಕವಚದಲ್ಲಿ 64 ಇದ್ದು ಚರ್ಮದ ಮೇಲೆ 59 ಇದ್ದರೆ ಎರಡೂ ಒಟ್ಟಿಗೆ ಹುಟ್ಟಿದವಲ್ಲ. ನಂತರ ಲೈನರ್ ಹಿಡಿದಿರುವ ಮೂರು ರಿವೆಟ್‌ಗಳನ್ನು ಒಂದೊಂದಾಗಿ ನೋಡಿ. ಒಳಗೆ ಅವುಗಳ ಎರಡು ಕಾಲುಗಳನ್ನು ಬಾಗಿಸಿ ಚಪ್ಪಟೆ ಮಾಡಿರುತ್ತಾರೆ. ಒಮ್ಮೆ ಬಾಗಿಸಿದ ಕಾಲು ನಯವಾಗಿ ಮಲಗಿರುತ್ತದೆ. ನೆಟ್ಟಗೆ ಮಾಡಿ ಮತ್ತೆ ಬಾಗಿಸಿದ್ದರೆ ಮಡಿಕೆಯಲ್ಲಿ ಸೀಳು, ಸುತ್ತ ಸ್ಕ್ರೂಡ್ರೈವರ್‌ನ ಗೀರು ಕಾಣುತ್ತದೆ. ಹೊರಗಿನ ತಲೆಗಳ ಸುತ್ತ ಬಣ್ಣ ಒಡೆದಿದೆಯೇ ಎಂದೂ ನೋಡಿ. ಲೈನರ್ ಬದಲಾದ ಮಾತ್ರಕ್ಕೆ ಹೆಲ್ಮೆಟ್ ನಕಲಿಯಾಗುವುದಿಲ್ಲ. ಸೇನೆಯೇ ಹಳೆಯ ಕವಚಗಳಿಗೆ ಹೊಸ ಲೈನರ್ ಹಾಕಿಸಿ ಮತ್ತೆ ವಿತರಿಸುತ್ತಿತ್ತು. 1916ರ ಕವಚಕ್ಕೆ 1931ರ ಲೈನರ್ ಕೂಡಿಸಿ ಎರಡನೇ ಯುದ್ಧಕ್ಕೆ ಕಳಿಸಿದ ಉದಾಹರಣೆಗಳು ಸಾಕಷ್ಟಿವೆ. ಆದರೆ ಲೈನರ್‌ನಲ್ಲಿ ಹೆಸರು ಸಿಕ್ಕಿದರೆ ಆ ಹೆಸರು ಲೈನರ್‌ನದು, ಕವಚದ್ದಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ದಾಖಲಿಸಿ.

ಬಣ್ಣ ಮತ್ತು ಲಾಂಛನ

1935ರ ಮಾದರಿಗೆ ನಯವಾದ ಸೇಬುಹಸಿರು ಬಣ್ಣ. 1940ರಿಂದ ಹೊಳಪಿಲ್ಲದ, ಮುಟ್ಟಿದರೆ ಒರಟಾದ ಬೂದು ಬಣ್ಣ. ವಾಯುಪಡೆಯದು ನೀಲಿ ಬೂದು. ಬಣ್ಣ ಚಕ್ಕೆಯೆದ್ದ ಒಂದು ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ ಪದರಗಳು ಬಾವಿಯ ಗೋಡೆಯ ಮಣ್ಣಿನಂತೆ ಒಂದರ ಮೇಲೊಂದು ಕಾಣುತ್ತವೆ: ತಳದಲ್ಲಿ ಉಕ್ಕು, ಮೇಲೆ ನಯವಾದ ಹಸಿರು, ಅದರ ಮೇಲೆ ಒರಟು ಬೂದು. ಈ ಕ್ರಮ ಕಂಡರೆ ಯುದ್ಧದ ನಡುವೆ ಮರುಬಣ್ಣ ಕಂಡ ಹೆಲ್ಮೆಟ್ ಅದು ಎಂದು ನಂಬಲು ಕಾರಣವಿದೆ. ಬೂದುಬಣ್ಣದ ಅಡಿಯಲ್ಲೇ ತುಕ್ಕು ಇದ್ದರೆ ಎಚ್ಚರ. ತುಕ್ಕು ಹಿಡಿದ ಕವಚಕ್ಕೆ ಈಚೆಗೆ ಬಣ್ಣ ಬಳಿದಿರುವ ಸಾಧ್ಯತೆ ಹೆಚ್ಚು.

ಭೂಸೇನೆಯ ಹೆಲ್ಮೆಟ್‌ನಲ್ಲಿ ಬಲಕ್ಕೆ ಕಪ್ಪು-ಬಿಳಿ-ಕೆಂಪು ಗುರಾಣಿ, ಎಡಕ್ಕೆ ಹದ್ದು ಇರುತ್ತಿತ್ತು. ಬಣ್ಣದ ಗುರಾಣಿಯನ್ನು ತೆಗೆಯಲು 1940ರ ಮಾರ್ಚ್‌ನಲ್ಲಿ ಆದೇಶ ಬಂತು. 1943ರ ಆಗಸ್ಟ್‌ನಲ್ಲಿ ಹದ್ದೂ ನಿಂತಿತು. 1942ರ ಮಾದರಿಯ ಹೆಲ್ಮೆಟ್ ಮೇಲೆ ಭೂಸೇನೆಯ ಎರಡೂ ಲಾಂಛನ ಥಳಥಳಿಸುತ್ತಿದ್ದರೆ ಮಾರುವವರ ಬಳಿ ವಿವರಣೆ ಕೇಳುವುದು ನಿಮ್ಮ ಹಕ್ಕು. ನಾಜಿ ಪಕ್ಷದ ಸಶಸ್ತ್ರ ದಳವಾಗಿದ್ದ ಎಸ್‌ಎಸ್‌ನ ಲಾಂಛನದ ವಿಷಯದಲ್ಲಿ ನಾನು ಹೇಳುವುದು ಒಂದೇ: ಬೇರೆ ರೀತಿ ಸಾಬೀತಾಗುವವರೆಗೆ ನಕಲಿ ಎಂದೇ ತಿಳಿಯಿರಿ. ಬೆಲೆ ಹಲವು ಪಟ್ಟು ಏರುವುದರಿಂದ, ಸಾಮಾನ್ಯ ಭೂಸೇನೆಯ ಅಸಲಿ ಹೆಲ್ಮೆಟ್‌ಗೇ ಆ ಲಾಂಛನ ಅಂಟಿಸಿ ಮಾರುವ ದಂಧೆ ದಶಕಗಳಿಂದ ನಡೆದಿದೆ. ಭೂತಗನ್ನಡಿಯಲ್ಲಿ ಪತ್ರಿಕೆಯ ಚಿತ್ರದಲ್ಲಿರುವಂಥ ಚುಕ್ಕಿಗಳು ಕಂಡರೆ ಅದು ಈಚಿನ ಮುದ್ರಣ. ಸುತ್ತಲಿನ ಬಣ್ಣ ಗೀರಿಹೋಗಿದ್ದು ಲಾಂಛನ ಮಾತ್ರ ಗೀರಿಲ್ಲದೆ ಉಳಿದಿದ್ದರೂ ಅದೇ ತೀರ್ಮಾನ. ನೋಟು ಪರೀಕ್ಷಿಸುವ ನೇರಳಾತೀತ ದೀಪ ಹಿಡಿದಾಗ ಗದ್ದದ ಪಟ್ಟಿಯ ಹೊಲಿಗೆಯ ದಾರ ಬೆಳ್ಳಗೆ ಮಿನುಗಿದರೆ ದಾರ ಹೊಸದು. ಮಿನುಗಲಿಲ್ಲ ಎಂದ ಮಾತ್ರಕ್ಕೆ ಹಳೆಯದು ಎಂದಾಗದು.

ಸುಭಾಷ್ ಚಂದ್ರ ಬೋಸರ ಪ್ರಯತ್ನದಿಂದ ಜರ್ಮನಿಯಲ್ಲಿ ರೂಪುಗೊಂಡ ಇಂಡಿಯನ್ ಲೀಜನ್, ಅಂದರೆ 950ನೇ ರೆಜಿಮೆಂಟ್, ತೋಳಿನ ಮೇಲೆ ನೆಗೆಯುವ ಹುಲಿಯ ಬಟ್ಟೆಯ ಲಾಂಛನ ಧರಿಸುತ್ತಿತ್ತು. ಆ ಹುಲಿ ಹೆಲ್ಮೆಟ್ ಮೇಲೆ ಕಂಡು ಯಾರಾದರೂ ದೊಡ್ಡ ಬೆಲೆ ಹೇಳಿದರೆ, ಅಂಥ ಹೆಲ್ಮೆಟ್ ಧರಿಸಿದ ಸೈನಿಕನ ಆ ಕಾಲದ ಫೋಟೋ ಒಂದನ್ನು ತೋರಿಸಲು ಕೇಳಿ.

ಹೆಸರು ಓದುವುದು

ಹಿಂಬದಿಯ ಒಳಗೋಡೆ ಮತ್ತು ಚರ್ಮದ ನಾಲಗೆಗಳು ಹೆಸರು ಬರೆಯುವ ಜಾಗಗಳು. ಬಿಳಿ ಬಣ್ಣ, ಶಾಯಿ, ಪೆನ್ಸಿಲ್ ಯಾವುದರಲ್ಲಾದರೂ ಇರಬಹುದು. ಅಂದಿನ ಸೈನಿಕರಲ್ಲಿ ಅನೇಕರು ಶಾಲೆಯಲ್ಲಿ ಕಲಿತದ್ದು ಜ್ಯೂಟರ್ಲಿನ್ ಎಂಬ ಹಳೆಯ ಜರ್ಮನ್ ಕೈಬರಹ. 1941ರವರೆಗೆ ಅದನ್ನು ಶಾಲೆಗಳಲ್ಲಿ ಕಲಿಸುತ್ತಿದ್ದರು. ಅದರಲ್ಲಿ ‘ಇ’ ಅಕ್ಷರ ನಮಗೆ ‘ಎನ್’ನಂತೆ ಕಾಣುತ್ತದೆ, ‘ಯು’ ಮೇಲೆ ಒಂದು ಕಮಾನು ಇರುತ್ತದೆ. ಅಕ್ಷರಮಾಲೆಯ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ಹೋಲಿಸಿ. ಸಂಶಯವಿದ್ದರೆ ಎರಡು ಮೂರು ಸಾಧ್ಯ ಓದುಗಳನ್ನೂ ಬರೆದಿಡಿ.

ಹೆಸರಿನ ಜತೆ ಘಟಕದ ಗುರುತು ಸಿಕ್ಕರೆ ಅದೃಷ್ಟ. ಅರೇಬಿಕ್ ಅಂಕಿ (1, 2, 3), ಚುಕ್ಕಿ, ಓರೆಗೆರೆ ಬಂದರೆ ಅದು ಕಂಪನಿ, ಅಂದರೆ ಸೇನೆಯ ಚಿಕ್ಕ ತುಕಡಿ. ರೋಮನ್ ಅಂಕಿ ಬಂದರೆ ಬೆಟಾಲಿಯನ್. ನಂತರದ ‘ಐಆರ್’ ಎಂದರೆ ಪದಾತಿ ರೆಜಿಮೆಂಟ್, ‘ಜಿಆರ್’ ಎಂದರೆ ಗ್ರೆನೇಡಿಯರ್ ರೆಜಿಮೆಂಟ್. ಪದಾತಿ ರೆಜಿಮೆಂಟ್‌ಗಳಿಗೆ ಗ್ರೆನೇಡಿಯರ್ ಎಂಬ ಹೆಸರು ಬಂದದ್ದು 1942ರ ಅಕ್ಟೋಬರ್‌ನಲ್ಲಿ. ಹಾಗಾಗಿ ‘ಜಿಆರ್’ ಎಂದಿದ್ದರೆ ಆ ಬರಹ ಬಹುಮಟ್ಟಿಗೆ ಅದರ ನಂತರದ್ದು. ಬರೀ ಐದಂಕಿಯ ಸಂಖ್ಯೆ ಇದ್ದರೆ ಅದು ಸೇನಾ ಅಂಚೆಯ ಸಂಖ್ಯೆ ಇರಬಹುದು; ಆ ಸಂಖ್ಯೆಗಳನ್ನು ಘಟಕಗಳ ಜತೆ ಹೊಂದಿಸಿದ ಮುದ್ರಿತ ಕೋಶಗಳಿವೆ. ಒಂದೇ ಸಂಖ್ಯೆ ಬೇರೆ ಬೇರೆ ಕಾಲದಲ್ಲಿ ಬೇರೆ ಘಟಕಕ್ಕೆ ಹೋದದ್ದುಂಟು. ಆದ್ದರಿಂದ ಕವಚದ ಕಾಲ ಗೊತ್ತಿದ್ದರೆ ಮಾತ್ರ ಅದು ಪ್ರಯೋಜನಕ್ಕೆ ಬರುತ್ತದೆ.

ದಾಖಲೆ ಕಚೇರಿಗಳು

ಹೆಸರು ಸಿಕ್ಕ ಮೇಲೆ ಮೊದಲು ನೋಡಬೇಕಾದದ್ದು ಜರ್ಮನ್ ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಫೋಕ್ಸ್‌ಬುಂಡ್ ಸಂಸ್ಥೆಯ ಹುಡುಕು ಪುಟ. ಹೆಸರು ಕೊಟ್ಟರೆ ಹುಟ್ಟಿದ, ಸತ್ತ ದಿನಾಂಕ, ದರ್ಜೆ, ಸಮಾಧಿ ಇರುವ ಜಾಗ ಸಿಗಬಹುದು, ಶುಲ್ಕವಿಲ್ಲ. ಆದರೆ ಅಲ್ಲಿರುವುದು ಸತ್ತವರು ಮತ್ತು ಕಾಣೆಯಾದವರು. ಬದುಕಿ ಮನೆಗೆ ಹೋದವನು ಆ ಪಟ್ಟಿಯಲ್ಲಿ ಇಲ್ಲ. ಮ್ಯುಲ್ಲರ್ ಎಂಬ ಹೆಸರಿನವರು ಎಷ್ಟಿರಬೇಡ! ಹೆಸರು ಮಾತ್ರ ಹೊಂದಿತೆಂದು ಅವನೇ ಎಂದು ಬರೆಯಬೇಡಿ. ಹೆಸರಿನ ಜತೆಗೆ ಘಟಕವೋ ಊರೋ ಹುಟ್ಟಿದ ದಿನವೋ ಇನ್ನೊಂದಾದರೂ ಹೊಂದಬೇಕು.

ಸೈನಿಕರ ವೈಯಕ್ತಿಕ ದಾಖಲೆ, ಗುರುತುಬಿಲ್ಲೆಯ ಪಟ್ಟಿಗಳು ಬರ್ಲಿನ್‌ನಲ್ಲಿವೆ. ವಾಸ್ಟ್ ಎಂದೇ ಪ್ರಸಿದ್ಧವಾಗಿದ್ದ ಆ ಕಚೇರಿ 2019ರ ಜನವರಿಯಿಂದ ಜರ್ಮನಿಯ ಬುಂಡೆಸ್‌ಆರ್ಕೀಫ್‌ನ, ಅಂದರೆ ರಾಷ್ಟ್ರೀಯ ದಾಖಲೆ ಸಂಗ್ರಹದ, ಭಾಗವಾಗಿದೆ. ಅರ್ಜಿಯಲ್ಲಿ ಪೂರ್ಣ ಹೆಸರು, ಹುಟ್ಟಿದ ದಿನಾಂಕ ಇರಲೇಬೇಕು ಎಂದುಕೊಳ್ಳಿ. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಕುಟುಂಬದವರಲ್ಲದವರಿಗೆ ಸಾಮಾನ್ಯವಾಗಿ ವ್ಯಕ್ತಿ ಸತ್ತು 10 ವರ್ಷವಾದ ಮೇಲೆ, ಸಾವಿನ ದಿನ ಗೊತ್ತಿಲ್ಲದಿದ್ದರೆ ಹುಟ್ಟಿ 100 ವರ್ಷವಾದ ಮೇಲೆ ದಾಖಲೆ ತೆರೆಯುತ್ತದೆ. ಘಟಕಗಳ ಯುದ್ಧ ದಿನಚರಿಗಳು ಫ್ರೈಬುರ್ಗ್‌ನ ಸೇನಾ ದಾಖಲೆ ಸಂಗ್ರಹದಲ್ಲಿವೆ. ಅಮೆರಿಕನ್ನರು ವಶಪಡಿಸಿಕೊಂಡವುಗಳ ಮೈಕ್ರೋಫಿಲ್ಮ್ ಅಮೆರಿಕದ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿದೆ. ಮೊದಲ ಯುದ್ಧದ ಪ್ರಶ್ಯನ್ ಸೇನೆಯ ಬಹುಪಾಲು ದಾಖಲೆಗಳು 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡಾಮ್ ಮೇಲೆ ಬಿದ್ದ ಬಾಂಬಿಗೆ ಸುಟ್ಟುಹೋದವು. ಬವೇರಿಯಾದವು ಮ್ಯೂನಿಕ್‌ನಲ್ಲಿ ಉಳಿದಿವೆ. 1916ರ ಹೆಲ್ಮೆಟ್‌ನ ಸೈನಿಕ ಬವೇರಿಯನ್ ಆಗಿದ್ದರೆ ನಿಮ್ಮ ಹಾದಿ ಸುಲಭ.

ಘಟಕ ತಿಳಿದ ಮೇಲೆ ಅದು ಎಲ್ಲಿ, ಏನು ಮಾಡಿತು ಎಂದೂ ಓದಿ. ಪೂರ್ವ ರಂಗದಲ್ಲಿ ನಾಗರಿಕರ, ಯಹೂದಿಗಳ ಕೊಲೆಯಲ್ಲಿ ಸೇನೆಯ ಘಟಕಗಳೂ ಭಾಗಿಯಾಗಿದ್ದವು. ಆ ಸಂಗತಿ ಸಿಕ್ಕಾಗ ನಿಮ್ಮ ಟಿಪ್ಪಣಿಯಿಂದ ಬಿಡಬೇಡಿ.

ನಮ್ಮ ಕಡೆಯ ಮನೆಗಳಲ್ಲಿ ಸಿಕ್ಕರೆ

ಜರ್ಮನ್ನರ ಎದುರು ಭಾರತೀಯ ಸೈನಿಕರು ನೇರವಾಗಿ ಹೋರಾಡಿದ್ದಾರೆ. 4, 8 ಮತ್ತು 10ನೇ ಭಾರತೀಯ ಡಿವಿಷನ್‌ಗಳು ಇಟಲಿಯಲ್ಲಿದ್ದವು. ಬೆಂಗಳೂರು ಕೇಂದ್ರವಾಗಿದ್ದ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರವರಿ 24ರಂದು ಇಟಲಿಯ ಮಿನ್ಯಾನೊ ಬಳಿ ಸಹಸೈನಿಕರನ್ನು ಉಳಿಸಲು ನೆಲಬಾಂಬಿನ ಮೇಲೆ ಬಿದ್ದು ಪ್ರಾಣ ಕೊಟ್ಟು, ಬ್ರಿಟನ್ನಿನ ಶೌರ್ಯ ಪದಕ ಜಾರ್ಜ್ ಕ್ರಾಸ್ ಪಡೆದರು. ಹಾಗಾಗಿ ‘ತಾತ ಇಟಲಿಯಿಂದ ತಂದದ್ದು’ ಎಂಬ ಮಾತು ನಂಬಲಾಗದ್ದೇನೂ ಅಲ್ಲ. ಆದರೆ ಪರೀಕ್ಷಿಸಬಹುದಾದ ಮಾತು. ತಾತನ ಸೇವಾ ಪುಸ್ತಕ, ಬಿಡುಗಡೆ ಪತ್ರ, ಪದಕ ಹುಡುಕಿ. ಘಟಕ ತಿಳಿದರೆ ರೆಜಿಮೆಂಟ್‌ನ ದಾಖಲೆ ಕಚೇರಿಗೆ ಬರೆಯಿರಿ. ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ ಇಟಲಿ ರಂಗದ ಯುದ್ಧ ದಿನಚರಿಗಳು ‘ಡಬ್ಲ್ಯುಒ 170’ ಶ್ರೇಣಿಯಲ್ಲಿವೆ, ಮಧ್ಯಪ್ರಾಚ್ಯದವು ‘ಡಬ್ಲ್ಯುಒ 169’ರಲ್ಲಿ. ತಾತ ಬರ್ಮಾ ರಂಗದಲ್ಲಿ ಮಾತ್ರ ಇದ್ದರು ಎಂದು ದಾಖಲೆ ಹೇಳಿದರೆ ಜರ್ಮನ್ ಹೆಲ್ಮೆಟ್ ಬಂದ ದಾರಿ ಬೇರೆ ಇರಬೇಕು. ಅಲ್ಲಿಂದ ಬರುವುದು ಹಣೆಯಲ್ಲಿ ನಕ್ಷತ್ರವಿರುವ ಜಪಾನಿ ಹೆಲ್ಮೆಟ್. ಅಮೆರಿಕನ್ ಸೈನಿಕ ತಂದದ್ದಾದರೆ, ಯುದ್ಧದ ನೆನಪಿನ ವಸ್ತುವನ್ನು ಮನೆಗೆ ಒಯ್ಯಲು ಅಧಿಕಾರಿ ಸಹಿ ಮಾಡಿದ ಅನುಮತಿ ಚೀಟಿ ಜತೆಗಿರಬಹುದು. ಅದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಅಪರೂಪ.

ಬರೆದಿಡುವುದು, ಹಿಂದಿರುಗಿಸುವುದು

ಕಂಡದ್ದನ್ನೆಲ್ಲ ಮೂರು ಪಾಲು ಮಾಡಿ ಬರೆಯಿರಿ: ವಸ್ತುವಿನಲ್ಲೇ ಇರುವುದು, ದಾಖಲೆಯಲ್ಲಿ ಸಿಕ್ಕಿದ್ದು, ಯಾರೋ ಹೇಳಿದ್ದು. ಮೂರನ್ನೂ ಬೆರೆಸಬೇಡಿ. ಪ್ರತಿ ಸಾಲಿನ ಮುಂದೆ ಯಾವಾಗ, ಯಾರಿಂದ ತಿಳಿಯಿತೆಂದು ಇರಲಿ. ಕಾಗದದ ಒಂದು ಪ್ರತಿ ಹೆಲ್ಮೆಟ್ ಇರುವ ಪೆಟ್ಟಿಗೆಯಲ್ಲೇ ಇರಲಿ, ಹೆಲ್ಮೆಟ್ ಒಳಗೆ ಬೇಡ; ಕಾಗದ ತೇವ ಹೀರುತ್ತದೆ.

ಜರ್ಮನಿಗೆ ಕಳಿಸುವ, ಒಯ್ಯುವ ಯೋಚನೆ ಇದ್ದರೆ ಎರಡು ಕಾನೂನು ಗಮನದಲ್ಲಿರಲಿ. ನಾಜಿ ಲಾಂಛನಗಳ ಸಾರ್ವಜನಿಕ ಪ್ರದರ್ಶನ ಅಲ್ಲಿನ ದಂಡಸಂಹಿತೆಯ 86ಎ ವಿಧಿಯಡಿ ಅಪರಾಧ. ಸಂಶೋಧನೆ, ಬೋಧನೆ, ಕಲೆಯಂಥ ಉದ್ದೇಶಗಳಿಗೆ ವಿನಾಯಿತಿ ಇದೆ. ನಮ್ಮಲ್ಲಿ 1972ರ ಪುರಾತನ ವಸ್ತು ಕಾಯಿದೆ 100 ವರ್ಷ ದಾಟಿದ ಐತಿಹಾಸಿಕ ವಸ್ತುಗಳಿಗೆ ಅನ್ವಯಿಸುತ್ತದೆ. ಮೊದಲ ಯುದ್ಧದ ಹೆಲ್ಮೆಟ್ ಆ ಗಡಿ ದಾಟಿದೆ. ಕಳಿಸುವ ಮುನ್ನ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಿ.

ಸೈನಿಕನ ಕುಟುಂಬ ಸಿಕ್ಕೀತು ಎನಿಸಿದರೆ ಹೆಲ್ಮೆಟ್ ಅನ್ನು ನೇರವಾಗಿ ಕಳಿಸಬೇಡಿ. ಹುಟ್ಟೂರಿನ ಪುರಸಭೆಗೋ ಚರ್ಚಿಗೋ ಜರ್ಮನ್ ಭಾಷೆಯಲ್ಲಿ ಒಂದು ಪುಟದ ಪತ್ರ ಬರೆದು, ಈ ಹೆಸರಿನ ಕುಟುಂಬಕ್ಕೆ ಮಾಹಿತಿ ತಲುಪಿಸಬಹುದೇ ಎಂದು ಕೇಳಿ. ಲಾಂಛನದ ಫೋಟೋ ಬೇಡ, ಒಳಗಿನ ಹೆಸರಿನ ಫೋಟೋ ಸಾಕು. ಕೆಲವು ಕುಟುಂಬಗಳಿಗೆ ಅದು ಎಂಬತ್ತು ವರ್ಷದ ನಂತರ ಬಂದ ಮೊದಲ ಸುದ್ದಿ. ಕೆಲವರಿಗೆ ಆ ಕಾಲ ಮತ್ತೆ ಮನೆಯೊಳಗೆ ಬರುವುದೇ ಬೇಡ. ಉತ್ತರ ಬರದಿದ್ದರೆ ಆರು ತಿಂಗಳು ಬಿಟ್ಟು ಇನ್ನೊಮ್ಮೆ ಬರೆಯಿರಿ, ಅದಕ್ಕೂ ಉತ್ತರ ಬರದಿದ್ದರೆ ಅಲ್ಲಿಗೆ ನಿಲ್ಲಿಸಿ. ಅವರ ಹೆಸರು, ವಿಳಾಸವನ್ನು ಎಲ್ಲೂ ಪ್ರಕಟಿಸಬೇಡಿ.